ಎರೆಯ ಜೋಳ, ಕಾಲುವೆಯ ಅಕ್ಕಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹರಡಿರುವ ಸೀಮೆಗೆ ರಾಯಚೂರು ದೋಆಬ್ ಎಂಬ ಹೆಸರಿದೆ. ದೋಆಬ್ ಎಂದರೆ ಎರಡು ಹೊಳೆಗಳ ನಡುವಿನ ನೆಲ. ಈ ನೆಲದ ಮೇಲೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಗೆ ಸಾಲಾಗಿ ಸಿಗುವ ಊರುಗಳಾಗಿದ್ದು, ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ದೂರ ಐವತ್ತು ಕಿಲೋಮೀಟರಿನ ಆಸುಪಾಸು. ಇಷ್ಟು ಕಿರಿದಾದ ಅಂತರದಲ್ಲಿ ಊಟದ ತಳಹದಿಯೇ ಬದಲಾಗುತ್ತದೆ. ಸಿಂಧನೂರಿನ ಸುತ್ತ ಕಾಲುವೆಯ ನೀರು, ನಾಟಿ ಮಾಡಿದ ಭತ್ತದ ಗದ್ದೆ ಮತ್ತು ಅಕ್ಕಿ ಗಿರಣಿಗಳಿವೆ; ಮಸ್ಕಿಯನ್ನು ದಾಟಿದಂತೆ ನೀರು ಹಿಂದೆ ಸರಿದು ಮಳೆಯನ್ನೇ ನಂಬಿದ ಎರೆಹೊಲಗಳೂ ಕೆಂಪು ಮಸಾರಿ ಹೊಲಗಳೂ ಎದುರಾಗುತ್ತವೆ; ಲಿಂಗಸುಗೂರು ಸೀಮೆಯಲ್ಲಿ ಕಲ್ಲುಗುಡ್ಡಗಳ ನಡುವೆ ಜೋಳ, ಸಜ್ಜೆ, ತೊಗರಿ, ಕಡಲೆಗಳು ಇಂದಿಗೂ ಹೊಲವನ್ನು ಆಳುತ್ತವೆ. ಒಂದು ಸೀಮೆಯ ಊಟವನ್ನು ಅಡುಗೆಯವರ ಕೈಗುಣಕ್ಕಿಂತ ಮೊದಲು ಅಲ್ಲಿನ ಮಣ್ಣು ಮತ್ತು ನೀರು ನಿರ್ಧರಿಸುತ್ತವೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕರ್ನಾಟಕದಲ್ಲಿ ಅಪರೂಪ.

ಈ ಅರಿವನ್ನು ಒಂದು ರಾಷ್ಟ್ರೀಯ ಶಿಸ್ತಾಗಿಯೇ ಬೆಳೆಸಿದ ದೇಶ ಜಪಾನ್. ಅಲ್ಲಿ ಸಾಕೆ ಎಂದು ಹೊರಜಗತ್ತು ಕರೆಯುವ ಅಕ್ಕಿಯ ಮದ್ಯವನ್ನು ತಯಾರಿಸುವ ಕ್ರಮವೇ ನೆಲದೊಂದಿಗೆ ಕಟ್ಟಿಕೊಂಡ ಸಂಬಂಧವನ್ನು ತೋರಿಸುತ್ತದೆ. ಹಣ್ಣಿನ ರಸದಲ್ಲಾಗಲಿ ಈಚಲಿನ ನೀರಿನಲ್ಲಾಗಲಿ ಸಕ್ಕರೆ ಮೊದಲೇ ಇರುವುದರಿಂದ ಅದು ತಾನಾಗಿಯೇ ಹುದುಗುತ್ತದೆ. ಅಕ್ಕಿಯಲ್ಲಿ ಇರುವುದು ಪಿಷ್ಟವಾದ್ದರಿಂದ ಅದನ್ನು ಮೊದಲು ಸಕ್ಕರೆಯಾಗಿ ಒಡೆಯಬೇಕು. ಈ ಕೆಲಸಕ್ಕೆ ಜಪಾನೀಯರು ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟನ್ನು ಬೆಳೆಸುತ್ತಾರೆ. ಬೂಷ್ಟು ಪಿಷ್ಟವನ್ನು ಸಕ್ಕರೆ ಮಾಡುತ್ತಿರುವಾಗಲೇ, ಅದೇ ತೊಟ್ಟಿಯಲ್ಲಿ ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಎರಡು ಕ್ರಿಯೆಗಳೂ ಜೊತೆಜೊತೆಗೆ ನಡೆಯುವುದರಿಂದ, ಬಟ್ಟಿ ಇಳಿಸದೆಯೇ ಶೇ 15ಕ್ಕೂ ಮೀರಿದ ಮದ್ಯಸಾರವುಳ್ಳ ಪಾನೀಯ ಸಿದ್ಧವಾಗುತ್ತದೆ. ಇದಕ್ಕೆಂದೇ ಬೇರೆ ಭತ್ತದ ತಳಿಗಳಿವೆ. ಹ್ಯೋಗೊ ಪ್ರಾಂತದಲ್ಲಿ 1936ರಲ್ಲಿ ಹೆಸರು ಪಡೆದ ಯಮದಾ ನಿಶಿಕಿ ಅವುಗಳಲ್ಲಿ ಹೆಚ್ಚು ಪ್ರಸಿದ್ಧ. ನೀರಿನ ಗುಣವೂ ಅಷ್ಟೇ ಮುಖ್ಯ: ನಾದಾ ಪ್ರದೇಶದ ಖನಿಜಭರಿತ ಗಡಸು ನೀರು ಖಡಕ್ಕಾದ ರುಚಿಯನ್ನೂ, ಕ್ಯೋಟೊ ಬಳಿಯ ಫುಶಿಮಿಯ ಮೃದುವಾದ ನೀರು ನಯವಾದ ರುಚಿಯನ್ನೂ ಕೊಡುತ್ತವೆ ಎಂದು ಬಲ್ಲವರು ಹೇಳುತ್ತಾರೆ.

ಸಾಕೆಗಿಂತಲೂ ದೋಆಬ್‌ಗೆ ಹೆಚ್ಚು ಹತ್ತಿರದ ಪಾಠವಿರುವುದು ಜಪಾನಿನ ಬಡ ಸೀಮೆಗಳ ಊಟದಲ್ಲಿ. ಗುಡ್ಡಗಾಡಿನ ಯಮನಾಶಿ ಪ್ರಾಂತದಲ್ಲಿ ಗದ್ದೆಗೆ ತಕ್ಕ ನೆಲ ಕಡಿಮೆಯಾದ್ದರಿಂದ ಗೋಧಿಹಿಟ್ಟಿನ ಅಗಲವಾದ ಎಳೆಗಳನ್ನು ಕುಂಬಳಕಾಯಿಯೊಂದಿಗೆ ಬೇಯಿಸುವ ಹೋತೋ ಎಂಬ ಅಡುಗೆ ಬೆಳೆಯಿತು. ತಂಪಾದ ನಾಗಾನೊ ಪ್ರಾಂತದಲ್ಲಿ ಸೋಬಾ ಎಂಬ ಕಾಳಿನ ಹಿಟ್ಟಿನಿಂದ ಮಾಡಿದ ಶಾವಿಗೆ ಅನ್ನದ ಸ್ಥಾನವನ್ನು ಹಿಡಿಯಿತು. ಅಕ್ಕಿ ಬೆಳೆಯಲಾಗದ್ದರಿಂದ ಹುಟ್ಟಿದ ಈ ಊಟಗಳನ್ನು ಜನ ಬಡತನದ ಗುರುತೆಂದು ಮುಚ್ಚಿಡಲಿಲ್ಲ. ಊರಿನ ಹೆಸರಿನೊಂದಿಗೇ ಅವನ್ನು ಬೆಸೆದು ಪರಸ್ಥಳದವರಿಗೆ ಬಡಿಸಿದರು. 2013ರಲ್ಲಿ ಜಪಾನಿನ ಸಾಂಪ್ರದಾಯಿಕ ಊಟದ ಪದ್ಧತಿಯೂ, 2024ರ ಡಿಸೆಂಬರಿನಲ್ಲಿ ಕೋಜಿಯಿಂದ ಸಾಕೆ ತಯಾರಿಸುವ ಜ್ಞಾನವೂ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು.

ದೋಆಬ್‌ನ ಎರೆಹೊಲಕ್ಕೆ ಬಂದರೆ, ಇಲ್ಲಿನ ಊಟದ ಕೇಂದ್ರ ಬಿಳಿಜೋಳ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ, ಅದೂ ಹೇಳಿದ ಹೊತ್ತಿಗೆ ಬೀಳದ ಈ ಸೀಮೆಯಲ್ಲಿ, ಎರೆಮಣ್ಣು ಮುಂಗಾರಿನ ನೀರನ್ನು ಕುಡಿದು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ರೈತರು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಹಿಂಗಾರಿ ಜೋಳವನ್ನು ಬಿತ್ತಿ, ಮುಂದೆ ಮಳೆ ಬರಲಿ ಬಾರದಿರಲಿ, ಆ ತೇವ ಮತ್ತು ಚಳಿಗಾಲದ ಇಬ್ಬನಿಯ ಬಲದಿಂದಲೇ ಪೈರನ್ನು ತೆನೆಗೆ ತರುತ್ತಾರೆ. ಹೊಲದ ಅಂಚಿಗೆ ಕುಸುಬೆಯ ಸಾಲುಗಳಿರುತ್ತವೆ. ಅದರ ಮುಳ್ಳು ದನಗಳನ್ನು ತಡೆಯುತ್ತದೆ, ಬೀಜ ಅಡುಗೆಮನೆಗೆ ಎಣ್ಣೆಯನ್ನೂ ಹಬ್ಬದ ಹುಗ್ಗಿಗೆ ಕುಸುಬೆಹಾಲನ್ನೂ ಕೊಡುತ್ತದೆ. ಕಾಳು ಇನ್ನೂ ಹಾಲುಗಟ್ಟಿರುವಾಗ ತೆನೆಯನ್ನು ಕೆಂಡದಲ್ಲಿ ಸುಟ್ಟು, ಉಜ್ಜಿ, ತೂರಿ ತಿನ್ನುವ ಸೀತನಿ ಈ ಕಾಲದ ತಿನಿಸು. ವರ್ಷದಲ್ಲಿ ಕೆಲವೇ ದಿನ ಸಿಗುವ, ಹೊಲದ ಬದುವಿನ ಮೇಲೆ ತಿಂದರೆ ಮಾತ್ರ ಅದರ ನಿಜವಾದ ರುಚಿ ತಿಳಿಯುವ ಈ ತಿನಿಸನ್ನು ಯಾವ ಹೋಟೆಲೂ ಬಡಿಸಲಾರದು.

ಜೋಳದ ರೊಟ್ಟಿಯ ತಯಾರಿಯಲ್ಲಿ ಅಡಗಿರುವ ವಿಜ್ಞಾನವನ್ನು ಸಾಕೆಯ ತಯಾರಿಯಷ್ಟೇ ಗೌರವದಿಂದ ವಿವರಿಸಬೇಕಾಗಿದೆ. ಗೋಧಿಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ಎಂಬ ಪ್ರೋಟೀನು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ತಟ್ಟಿದೊಡನೆ ಬಿರಿಯುತ್ತದೆ. ಆದ್ದರಿಂದ ಹಿಟ್ಟಿನ ನಡುವೆ ಕುದಿಯುವ ಎಸರನ್ನು ಸುರಿಯುತ್ತಾರೆ. ಆ ಬಿಸಿಗೆ ಪಿಷ್ಟದ ಒಂದು ಪಾಲು ಬೆಂದು ಅಂಟಾಗುತ್ತದೆ, ಆ ಅಂಟೇ ಉಳಿದ ಹಿಟ್ಟನ್ನು ಹಿಡಿದಿಡುತ್ತದೆ. ಚೆನ್ನಾಗಿ ನಾದಿದ ಮುದ್ದೆಯನ್ನು ಒಣಹಿಟ್ಟಿನ ಮೇಲಿಟ್ಟು ಅಂಗೈಯಿಂದ ಬಡಿಯುತ್ತಾ ತಿರುಗಿಸುವಾಗ ಅಂಚು ಸೀಳದಂತೆ, ನಡು ದಪ್ಪವಾಗದಂತೆ ನೋಡಿಕೊಳ್ಳುವುದು ವರ್ಷಗಳ ಅಭ್ಯಾಸದಿಂದ ಬರುವ ಕೌಶಲ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರುವುದು, ಒಣಹಿಟ್ಟು ಕರಗಿ ಮೇಲುಪದರ ಕೂಡಿಕೊಂಡು ಒಳಗಿನ ಹಬೆಗೆ ರೊಟ್ಟಿ ಉಬ್ಬಲೆಂದು. ಬಿಸಿಯಾಗಿ ತಿಂದರೆ ಮೆತ್ತನೆಯ ರೊಟ್ಟಿ, ಒಲೆಯ ಬದಿಗೆ ನಿಲ್ಲಿಸಿ ತೇವವೆಲ್ಲ ಆರುವಂತೆ ಸುಟ್ಟರೆ ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ; ಸುಗ್ಗಿಯ ಕೆಲಸಕ್ಕೂ, ದೂರದ ಜಾತ್ರೆಗೂ, ಕೂಲಿಗಾಗಿ ಊರು ಬಿಟ್ಟು ಹೋಗುವ ಸಂಸಾರಕ್ಕೂ ಬುತ್ತಿಯಾಗಿ ಹೋಗುವುದು ಇದೇ.

ರೊಟ್ಟಿಯ ಜೊತೆಗೆ ಬರುವ ಪದಾರ್ಥಗಳಲ್ಲಿ ಪುಂಡಿಪಲ್ಯಕ್ಕೆ ಮೊದಲ ಮಣೆ. ಹುಳಿಯ ಪುಂಡಿಸೊಪ್ಪನ್ನು ಬೇಯಿಸಿ, ಅದರಲ್ಲಿ ಜೋಳದ ನುಚ್ಚು ಮತ್ತು ತೊಗರಿ ಅಥವಾ ಕಡಲೆಬೇಳೆ ಬೆರೆಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿಗಳ ಒಗ್ಗರಣೆ ಕೊಟ್ಟು ಮಾಡುವ ಈ ಪಲ್ಯ ಮರುದಿನ ಇನ್ನಷ್ಟು ರುಚಿಯಾಗುತ್ತದೆ ಎಂಬುದು ಸೀಮೆಯ ಮನೆಮನೆಯ ಅನುಭವ. ಎಣ್ಣೆಗಾಯಿ ಬದನೆ, ಮಡಿಕೆಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ, ಶೇಂಗಾ, ಗುರೆಳ್ಳು ಮತ್ತು ಅಗಸೆಯ ಹಿಂಡಿಗಳು, ಕೆನೆಮೊಸರು, ಹಸಿ ಉಳ್ಳಾಗಡ್ಡಿ ಇವುಗಳೆಲ್ಲ ಸೇರಿದಾಗ ಕಾಳು, ಬೇಳೆ, ಎಣ್ಣೆಬೀಜ, ಸೊಪ್ಪುಗಳ ಹೊಂದಾಣಿಕೆ ತಾನಾಗಿ ಏರ್ಪಡುತ್ತದೆ. ಅದು ಹೊಲದಲ್ಲಿ ಒಟ್ಟಿಗೆ ಬೆಳೆದದ್ದನ್ನೇ ತಟ್ಟೆಯಲ್ಲಿ ಒಟ್ಟಿಗೆ ಇಟ್ಟದ್ದರ ಫಲ.

ಈ ಊಟದ ಇತಿಹಾಸ ಬಹಳ ಹಿಂದಕ್ಕೆ ಹೋಗುತ್ತದೆ. ಅಶೋಕನ ಹೆಸರನ್ನೇ ನಮೂದಿಸಿದ ಶಿಲಾಶಾಸನ 1915ರಲ್ಲಿ ಬೆಳಕಿಗೆ ಬಂದುದರಿಂದ ಮಸ್ಕಿ ಲೋಕಪ್ರಸಿದ್ಧವಾಯಿತಾದರೂ, 1954ರಲ್ಲಿ ಬಿ. ಕೆ. ಥಾಪರ್ ಅಲ್ಲಿ ನಡೆಸಿದ ಉತ್ಖನನವೂ, ಅದಕ್ಕೆ ಸ್ವಲ್ಪ ಮೊದಲು ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ನಡೆಸಿದ ಉತ್ಖನನವೂ ನವಶಿಲಾಯುಗದ ಪಶುಪಾಲಕ ರೈತರ ನೆಲೆಗಳನ್ನು ತೋರಿಸಿಕೊಟ್ಟವು. ದಕ್ಷಿಣದ ಇಂಥ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರಿಶೀಲಿಸಿದ ವಿದ್ವಾಂಸರು ಅಂದಿನ ಮುಖ್ಯ ಬೆಳೆಗಳೆಂದು ಗುರುತಿಸಿರುವುದು ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಯ ಸಣ್ಣ ಕಾಳುಗಳನ್ನು. ಜೋಳ ಆ ಕಾಲದ ಮೂಲಬೆಳೆಯಲ್ಲ. ಅದು ಆಫ್ರಿಕದ ಈಶಾನ್ಯ ಭಾಗದಲ್ಲಿ ಒಕ್ಕಲಾಗಿ ಮುಂದೆ ಭಾರತಕ್ಕೆ ಬಂದ ಪೈರು. ಇಂದು ನೆಲದ ಆತ್ಮವೆಂದೇ ಎಣಿಸಲಾಗುವ ಧಾನ್ಯವೂ ಒಂದು ಕಾಲಕ್ಕೆ ವಲಸೆ ಬಂದದ್ದು ಎಂಬುದನ್ನು, ಕಾಲುವೆಯ ಅಕ್ಕಿಯನ್ನು ಹೊರಗಿನದೆಂದು ತಳ್ಳುವ ಮುನ್ನ ನೆನೆಯುವುದು ಒಳ್ಳೆಯದು.

ಹುದುಗುವಿಕೆಯ ಜ್ಞಾನವೂ ಈ ಸೀಮೆಗೆ ಹೊಸದಲ್ಲ. ಜೋಳದ ಹಿಟ್ಟನ್ನು ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ, ಹುಳಿ ಬಂದ ಮೇಲೆ ಕಾಸಿ, ಆರಿಸಿ, ಮಜ್ಜಿಗೆ ಮತ್ತು ಉಳ್ಳಾಗಡ್ಡಿ ಬೆರೆಸಿ ಕುಡಿಯುವ ಹುಳಿ ಅಂಬಲಿ ಬೇಸಿಗೆಯ ಸುಡುಬಿಸಿಲಿಗೆ ರಾಯಚೂರಿನ ಜನ ಕಂಡುಕೊಂಡ ಉತ್ತರ. ಇಲ್ಲಿ ಕೆಲಸ ಮಾಡುವುದು ಮೊಸರನ್ನು ಹೆಪ್ಪುಗಟ್ಟಿಸುವ ಬಗೆಯ ಸೂಕ್ಷ್ಮಜೀವಿಗಳು. ಅವು ಹಿಟ್ಟಿನಲ್ಲಿ ಹುಳಿಯನ್ನು ಹುಟ್ಟಿಸಿ, ಕೆಡಿಸುವ ಜೀವಿಗಳನ್ನು ದೂರವಿಟ್ಟು, ಕಾಳಿನ ಸತ್ವ ಸುಲಭವಾಗಿ ಅರಗುವಂತೆ ಮಾಡುತ್ತವೆ. ಜಪಾನಿನ ಬಿವಾ ಸರೋವರದ ಸುತ್ತಣ ಜನ ಉಪ್ಪು ಹಚ್ಚಿದ ಮೀನನ್ನು ಅನ್ನದೊಳಗೆ ಹೂತಿಟ್ಟು ತಿಂಗಳುಗಟ್ಟಲೆ ಹುಳಿಯಾಗಲು ಬಿಡುವ ಫುನಾಝುಶಿಯಲ್ಲಿಯೂ ನಡೆಯುವುದು ಇದೇ ಬಗೆಯ ಕ್ರಿಯೆ. ಒಂದೇ ಧಾನ್ಯ ಬೇರೆ ಬೇರೆ ನಾಡುಗಳಲ್ಲಿ ಬೇರೆ ಬೇರೆ ದಾರಿ ಹಿಡಿಯುವುದೂ ಗಮನಾರ್ಹ: ಇದೇ ಜೋಳವನ್ನು ಆಫ್ರಿಕದ ಹಳ್ಳಿಗಳಲ್ಲಿ ಮೊಳಕೆ ಬರಿಸಿ ಬಿಯರ್ ಮಾಡುತ್ತಾರೆ, ಚೀನಾದಲ್ಲಿ ಹುದುಗಿಸಿ ಬಟ್ಟಿ ಇಳಿಸಿ ತೀಕ್ಷ್ಣವಾದ ಮದ್ಯ ತೆಗೆಯುತ್ತಾರೆ; ದೋಆಬ್‌ನ ಒಕ್ಕಲು ಮನೆತನಗಳು ಅದನ್ನು ಅಂಬಲಿಯ ಹಂತದಲ್ಲಿಯೇ ನಿಲ್ಲಿಸಿದವು.

ಇಲ್ಲಿನ ಮದ್ಯ ಧಾನ್ಯದಿಂದ ಬರಲಿಲ್ಲ, ಮರದಿಂದ ಬಂತು. ಹಳ್ಳದ ದಂಡೆಯ ಈಚಲುಮರಗಳಿಂದ ಇಳಿಸುವ ಸೇಂದಿ ಒಂದು ಕಾಲಕ್ಕೆ ಈ ಸೀಮೆಯ ದುಡಿಯುವ ಜನರ ಸಾಮಾನ್ಯ ಪಾನೀಯವಾಗಿತ್ತು. ಬೆಳಗಿನ ಹೊತ್ತು ಸಿಹಿಯಾಗಿ, ಹೊತ್ತೇರಿದಂತೆ ಹುಳಿಯಾಗಿ, ಸಂಜೆಗೆ ಕಟುವಾಗುವ ಅದನ್ನು ದೂರಕ್ಕೆ ಸಾಗಿಸಲಾಗದ್ದರಿಂದ ಅದು ಸಂಪೂರ್ಣವಾಗಿ ಊರಿನದೇ ಆಗಿತ್ತು. ಆದರೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಅಬ್ಕಾರಿ, ಅಂದರೆ ಮದ್ಯದ ಮೇಲಿನ ತೆರಿಗೆ, ದೊಡ್ಡ ವರಮಾನದ ಮೂಲವಾಗಿದ್ದುದರಿಂದ, ಸೇಂದಿ ಮರದಡಿಯ ಪಾನೀಯವಾಗಿ ಉಳಿಯದೆ ಗುತ್ತಿಗೆದಾರರ ಸರಕಾಯಿತು. ಜಪಾನಿನಲ್ಲಿಯೂ ಹೀಗೆಯೇ ನಡೆದಿತ್ತು: ರೈತರು ಮನೆಯಲ್ಲಿ ಮಾಡುತ್ತಿದ್ದ ದೊಬುರೊಕು ಎಂಬ ಸೋಸದ ಅಕ್ಕಿಮದ್ಯವನ್ನು 1899ರಲ್ಲಿ ಸರ್ಕಾರ ನಿಷೇಧಿಸಿತು, ಏಕೆಂದರೆ ಆ ಹೊತ್ತಿಗೆ ದೇಶದ ತೆರಿಗೆ ವರಮಾನದ ಸುಮಾರು ಮೂರನೇ ಒಂದು ಭಾಗ ಮದ್ಯದ ಕಾರ್ಖಾನೆಗಳಿಂದ ಬರುತ್ತಿತ್ತು. ಅಲ್ಲಿ ಒಂದು ಶತಮಾನ ಕಳೆದ ಮೇಲೆ, 2003ರ ಸುಮಾರಿಗೆ, ವಿಶೇಷ ವಲಯಗಳನ್ನು ಗುರುತಿಸಿ ರೈತರು ತಮ್ಮ ಅಕ್ಕಿಯಿಂದ ದೊಬುರೊಕು ಮಾಡಿ ಅತಿಥಿಗಳಿಗೆ ಕೊಡಲು ಮತ್ತೆ ಅನುಮತಿ ದೊರೆಯಿತು.

ರಾಯಚೂರು ಜಿಲ್ಲೆಯ ಕಥೆ ಆ ದಾರಿಯಲ್ಲಿ ಸಾಗಲಿಲ್ಲ, ಸಾಗದಿದ್ದುದಕ್ಕೆ ಗಟ್ಟಿಯಾದ ಕಾರಣವೂ ಇದೆ. ಮರದಿಂದ ಇಳಿಯುವುದಕ್ಕಿಂತ ಹೆಚ್ಚು ಸೇಂದಿ ಮಾರಾಟವಾಗತೊಡಗಿದಾಗ, ಕ್ಲೋರಲ್ ಹೈಡ್ರೇಟ್ ಎಂಬ ಮತ್ತು ತರಿಸುವ ರಾಸಾಯನಿಕವನ್ನು ನೀರಿಗೆ ಬೆರೆಸಿ ಮಾರುವ ದಂಧೆ ಬೆಳೆಯಿತು. ಜನ ಅದನ್ನು ಸಿ.ಎಚ್. ಪೌಡರ್ ಎಂದೇ ಕರೆಯುತ್ತಾರೆ. ಅದಕ್ಕೆ ದಾಸರಾದವರು ಒಂದು ದಿನ ಬಿಟ್ಟರೂ ನಡುಗುವ, ಭ್ರಮೆಗೊಳಗಾಗುವ ಸ್ಥಿತಿಗೆ ಬಂದರು. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳನ್ನು ಬಿಟ್ಟು ರಾಜ್ಯದ ಉಳಿದೆಡೆ 2004ರಲ್ಲಿ ಸೇಂದಿಯೂ, 2007ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಸಾರಾಯಿಯೂ ನಿಂತವು. ನಿಂತ ಜಾಗಕ್ಕೆ ಕಾರ್ಖಾನೆಯ ಅಗ್ಗದ ಮದ್ಯ ಹಳ್ಳಿಯ ಕಿರಾಣಿ ಅಂಗಡಿಯವರೆಗೂ ಅಕ್ರಮವಾಗಿ ಬಂದು ತಲುಪಿತು. ಕೂಲಿಯ ಹಣ ಮನೆಗೆ ಬರುವ ಮೊದಲೇ ಕರಗುವುದನ್ನು ಕಂಡ ಹೆಣ್ಣುಮಕ್ಕಳು ಮದ್ಯ ನಿಷೇಧ ಆಂದೋಲನವನ್ನು ಕಟ್ಟಿದರು. ಅದರ ಬಲವಾದ ನೆಲೆಗಳಲ್ಲಿ ರಾಯಚೂರು ಜಿಲ್ಲೆಯೂ ಒಂದು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸಾವಿರಾರು ಹೆಣ್ಣುಮಕ್ಕಳು ಕಾಲ್ನಡಿಗೆಯಲ್ಲಿ ಹೋದರು. ಪ್ರಾದೇಶಿಕ ಊಟ ಮತ್ತು ಮದ್ಯವನ್ನು ಒಂದೇ ಉಸಿರಿನಲ್ಲಿ ಕೊಂಡಾಡುವ ಜಪಾನಿನ ಮಾದರಿಯನ್ನು ಇಲ್ಲಿಗೆ ಹಾಗೆಯೇ ತರಬಯಸುವವರು ಮೊದಲು ಈ ಹೆಣ್ಣುಮಕ್ಕಳ ಮಾತನ್ನು ಕೇಳಬೇಕು. ಈ ನೆಲದ ಹೆಮ್ಮೆಯ ಪಾನೀಯವಾಗಲು ಯೋಗ್ಯವಾದದ್ದು ಅಂಬಲಿ, ಅದಕ್ಕಾಗಿ ಯಾವ ಮನೆಯೂ ಹಾಳಾಗಿಲ್ಲ.

ಸಿಂಧನೂರಿನ ತಟ್ಟೆಯನ್ನು ಬದಲಿಸಿದ್ದು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ನಿಲ್ಲತೊಡಗಿದ ಈ ಅಣೆಕಟ್ಟಿನ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ ಹರಿದು ಗಂಗಾವತಿ, ಸಿಂಧನೂರು, ಮಾನ್ವಿ, ರಾಯಚೂರುಗಳತ್ತ ಸಾಗುತ್ತದೆ. ಬರಗಾಲದ ಸೀಮೆಗೆ ಆಸರೆಯಾಗಲೆಂದು, ಕಡಿಮೆ ನೀರು ಬೇಡುವ ಜೋಳ, ಹತ್ತಿ, ಶೇಂಗಾಗಳನ್ನೇ ಹೆಚ್ಚಾಗಿ ಮನಸ್ಸಿನಲ್ಲಿಟ್ಟು ಯೋಜಕರು ಅದನ್ನು ರೂಪಿಸಿದ್ದರು. ಆದರೆ ಕರಾವಳಿ ಆಂಧ್ರದಿಂದ ಬಂದ ರೈತ ಕುಟುಂಬಗಳು ಇಲ್ಲಿ ಹೊಲ ಕೊಂಡು, ನೆಲ ಸಮಮಾಡಿ, ಭತ್ತದ ನಾಟಿಯನ್ನು ಕಲಿಸಿದವು. ಅವರು ನೆಲೆಸಿದ ಊರುಗಳು ಇಂದಿಗೂ ಕ್ಯಾಂಪ್ ಎಂದೇ ಕರೆಸಿಕೊಳ್ಳುತ್ತವೆ. ಕೆಲವೇ ದಶಕಗಳಲ್ಲಿ ಸಿಂಧನೂರು, ಗಂಗಾವತಿಗಳ ಸೋನಾ ಮಸೂರಿ ಬೆಂಗಳೂರಿನ ಅಡುಗೆಮನೆಗಳಿಗೂ ಪರಿಚಿತವಾಯಿತು. ಇದರ ಬೆಲೆಯನ್ನು ತೆತ್ತವರು ಕಾಲುವೆಯ ಕೊನೆಭಾಗದ ರೈತರು. ಮೇಲ್ಭಾಗದಲ್ಲಿ ಭತ್ತಕ್ಕೆ ನೀರು ನಿಂತಷ್ಟೂ ಕೆಳಭಾಗಕ್ಕೆ ತಲುಪುವುದು ಕಡಿಮೆಯಾಗಿ, ಪ್ರತಿ ಬೇಸಿಗೆಯಲ್ಲೂ ಅದು ಧರಣಿಯ ವಿಷಯವಾಗುತ್ತದೆ. ಕಾಲುವೆಯೇ ಇಲ್ಲದ ಹಳ್ಳಿಗಳ ನೋವು ಬೇರೆ ಬಗೆಯದು. ನಾರಾಯಣಪುರ ಬಲದಂಡೆ ಕಾಲುವೆಯ 5ಎ ಶಾಖೆಯನ್ನು ತಮ್ಮ ಹೊಲಗಳಿಗೆ ತರಬೇಕೆಂದು ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020–21ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕುಳಿತಿದ್ದರು. ಒಣಬೇಸಾಯದ ಊಟವನ್ನು ಹೊಗಳುವ ಬರಹಗಳು ಆ ಊಟವನ್ನು ಬೆಳೆಯುವವರಿಗೂ ನೀರಿನ ಆಸೆಯಿದೆ ಎಂಬುದನ್ನು ಮರೆಯಬಾರದು.

ವಲಸೆ ಬಂದವರು ಬರಿಗೈಯಲ್ಲಿ ಬರಲಿಲ್ಲ. ಕನ್ನಡದ ಮನೆಗಳಲ್ಲಿ ನುಚ್ಚಿನೊಂದಿಗೆ ಬೇಯುವ ಪುಂಡಿಸೊಪ್ಪು ಕ್ಯಾಂಪಿನ ತೆಲುಗು ಮನೆಗಳಲ್ಲಿ ಗೋಂಗೂರವಾಗಿ, ಬೇಳೆಯೊಂದಿಗೆ ಪಪ್ಪು ಆಗಿಯೂ ಎಣ್ಣೆಯಲ್ಲಿ ಮಿಂದ ಪಚ್ಚಡಿಯಾಗಿಯೂ ಬಡಿಸಲ್ಪಡುತ್ತದೆ. ಒಂದೇ ಸೊಪ್ಪು ರೊಟ್ಟಿಗೆ ಒಂದು ರೂಪ, ಅನ್ನಕ್ಕೆ ಇನ್ನೊಂದು ರೂಪ ತಾಳಿರುವುದನ್ನು ಒಂದೇ ಊರಿನಲ್ಲಿ ಕಾಣಬಹುದು. ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಶಿಬಿರಗಳಲ್ಲಿ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ನೆಲೆಸಿವೆ. ಸಾಸಿವೆಯ ಮೀನುಸಾರು ಮತ್ತು ಅನ್ನದ ಊಟವನ್ನೂ ದುರ್ಗಾಪೂಜೆಯನ್ನೂ ಅವರು ಜೋಳದ ನಾಡಿನ ನಡುವೆ ಉಳಿಸಿಕೊಂಡಿದ್ದಾರೆ. ಇವರೆಲ್ಲರೂ ಸಂಜೆ ಒಂದೇ ಬಂಡಿಯ ಮುಂದೆ ಸೇರುವುದು ಒಗ್ಗರಣೆ ಮಿರ್ಚಿಗಾಗಿ. ಮಂಡಾಳನ್ನು ನೀರಿನಲ್ಲಿ ನೆನೆಸಿ ಹಿಂಡಿ, ಉಳ್ಳಾಗಡ್ಡಿ ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಜೊತೆಗೆ ಕಡಲೆಹಿಟ್ಟಿನಲ್ಲಿ ಕರಿದ ಮೆಣಸಿನಕಾಯಿಯನ್ನು ಕೊಡುವ ಈ ತಿನಿಸು ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಬೀದಿಯ ಗುರುತೇ ಆಗಿದೆ.

ಹಬ್ಬದ ಅಡುಗೆಯಲ್ಲಿ ಮಾತ್ರ ಎರೆಹೊಲದ ಕೈ ಮೇಲಾಗಿಯೇ ಉಳಿದಿದೆ. ಎಳ್ಳ ಅಮಾವಾಸ್ಯೆಯಂದು, ಜೋಳ ತೆನೆ ಹೊರುವ ಕಾಲಕ್ಕೆ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮಾಡಿದ ಎಲ್ಲ ಅಡುಗೆಯ ಒಂದೊಂದು ತುತ್ತನ್ನು ಭೂಮಿತಾಯಿಗೆ ಅರ್ಪಿಸಿ, ಹೊಲದ ಸುತ್ತ ಎರಚಿ, ಆಮೇಲೆ ಬನ್ನಿಮರದಡಿಯೋ ಬದುವಿನ ಮೇಲೋ ಕುಳಿತು ಉಣ್ಣುವ ಈ ಆಚರಣೆಯಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಬಗೆಬಗೆಯ ಕಾಳುಪಲ್ಯಗಳು ಇರಲೇಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನಾಡಿನಲ್ಲೆಲ್ಲ ಹೆಸರಾದದ್ದು; ಕೋಟೆಯ ಊರಿನಲ್ಲಿ ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಆ ದಿನಗಳಲ್ಲಿ ಗೋಧಿಹಿಟ್ಟಿಗೆ ಬೆಲ್ಲ ಕೂಡಿಸಿ, ಮೇಲೆ ಚಿತ್ತಾರ ಒತ್ತಿ ಮಾಡುವ ಚೊಂಗೆಯನ್ನು ಎರಡೂ ಮತದ ಮನೆಗಳವರು ಅಲಾಯಿ ದೇವರಿಗೆ ನೈವೇದ್ಯವಾಗಿ ಒಯ್ಯುತ್ತಾರೆ.

ಜಪಾನಿನ ಇಶಿಕಾವಾ ಪ್ರಾಂತದ ಹಾಕುಸಾನ್ ಸಾಕೆಗೆ 2005ರಲ್ಲಿಯೇ ಭೌಗೋಳಿಕ ಗುರುತು, ಅಂದರೆ ಊರಿನ ಹೆಸರನ್ನು ಆ ಊರಿನ ಸರಕಿಗೆ ಮಾತ್ರ ಮೀಸಲಿಡುವ ಕಾನೂನಿನ ಮುದ್ರೆ, ದೊರೆಯಿತು. ಆ ಮುದ್ರೆಯನ್ನು ಬಳಸುವವರು ಗೊತ್ತುಪಡಿಸಿದ ಬಗೆಯ ಅಕ್ಕಿಯನ್ನೂ ಅದೇ ಊರಿನ ನೀರನ್ನೂ ಬಳಸಬೇಕು. ಎರೆಹೊಲದ ಹಿಂಗಾರಿ ಜೋಳಕ್ಕೆ ಇಂಥ ಎಚ್ಚರಿಕೆಯ ಅಗತ್ಯ ಈಗ ಹೆಚ್ಚಾಗಿದೆ. ಸರ್ಕಾರ ಬೆಂಬಲ ಬೆಲೆಗೆ ಜೋಳ ಕೊಂಡು ಪಡಿತರದಲ್ಲಿ ಹಂಚತೊಡಗಿದ ಮೇಲೆ ನೀರಾವರಿ ಹೊಲಗಳಲ್ಲಿಯೂ ಜೋಳ ಮರಳಿ ಬಂದಿದೆ, ಅದು ಸ್ವಾಗತಾರ್ಹವೇ. ಆದರೆ ಅಲ್ಲಿ ಬೆಳೆಯುವುದು ಹೆಚ್ಚಾಗಿ ಇಳುವರಿಗೆಂದು ರೂಪಿಸಿದ ಹೈಬ್ರಿಡ್ ತಳಿ. ಮಾಲದಂಡಿಯಂಥ ಹಿಂಗಾರಿ ಜೋಳದ ಮುತ್ತಿನಂಥ ಕಾಳು, ಸಿಹಿ, ಎಸರು ಹೊಯ್ದಾಗ ಬರುವ ಜಿಗುಟು ಅದಕ್ಕಿಲ್ಲವೆಂದು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಹಿಟ್ಟು ಮುಟ್ಟಿದೊಡನೆ ಹೇಳಬಲ್ಲರು. ಖರೀದಿ ಕೇಂದ್ರದ ಬೆಂಬಲ ಬೆಲೆಯಲ್ಲಿ ಎರಡರ ನಡುವಿನ ಅಂತರ ತೀರ ಸಣ್ಣದು. ಲಿಂಗಸುಗೂರು, ಮಸ್ಕಿಗಳ ಸಂತೆಯಲ್ಲಿ ಮಾತ್ರ ಜೋಳ ಕೊಳ್ಳುವವರು ಇಂದಿಗೂ ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಒಂದೆರಡನ್ನು ಹಲ್ಲಿಗೆ ಕಚ್ಚಿ, ಯಾವ ಊರಿನ ಎರೆಯದು ಎಂದು ಕೇಳಿಯೇ ಬೆಲೆ ಕಟ್ಟುತ್ತಾರೆ.